ಬರೀ ಗಾಳಿಯನ್ನೂ ಕೇಳಿಸಿಕೊಂಡವರಿಗೆ

ಮೊನ್ನೆ ಭಾನುವಾರ ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲಿ 25 ನಿಮಿಷ ಕೊಳಲು ನುಡಿಸಿದೆ. ಮೋಹನ ರಾಗದಲ್ಲಿ ಒಂದು ವರ್ಣ, ಕಾಪಿ ರಾಗದಲ್ಲಿ ಒಂದು ದೇವರನಾಮ, ಕೊನೆಗೆ ಮಂಗಳ. ಅಷ್ಟೇ. ಆದರೆ ನಾನು ಜನರೆದುರು ಕೊಳಲು ಹಿಡಿದದ್ದು 23 ವರ್ಷಗಳ ನಂತರ. ಮುಗಿಸಿ ಕೆಳಗಿಳಿದಾಗ ಎಷ್ಟೋ ಜನ ಬಂದು ಮಾತಾಡಿಸಿದರು. ಗಂಟಲು ಕಟ್ಟಿತ್ತು, ಯಾರಿಗೂ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹತ್ತನೇ ವಯಸ್ಸಿಗೆ ಕಲಿಯಲು ಶುರು ಮಾಡಿದವಳು ನಾನು. ಸಂಗೀತದ ಸೀನಿಯರ್ ಪರೀಕ್ಷೆಯೂ ಪಾಸಾಗಿತ್ತು. ಆಮೇಲೆ ಕೆಲಸ, ಮದುವೆ, ಮಗು, ಅತ್ತೆಯವರ ಆರೈಕೆ. ಬಿಡಬೇಕು ಅಂತ ಒಂದು ದಿನವೂ ಅಂದುಕೊಂಡಿರಲಿಲ್ಲ. ಸುಮ್ನೆ ಬಿಟ್ಟುಹೋಯಿತು. ಕೊಳಲು ಹಳೇ ದಿಂಬಿನ ಚೀಲದೊಳಗೆ, ಸೀರೆ ಬೀರುವಿನಲ್ಲಿತ್ತು.

ಕಳೆದ ವರ್ಷ ನ್ಯುಮೋನಿಯಾ ಆಗಿ 11 ದಿನ ಆಸ್ಪತ್ರೆಯಲ್ಲಿದ್ದೆ. ಮನೆಗೆ ಕಳಿಸುವಾಗ ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟರು. ಉಸಿರೆಳೆದರೆ ಚೆಂಡುಗಳು ಮೇಲೇಳಬೇಕು. ಮೊದಲ ವಾರ ಎದ್ದದ್ದು ಒಂದೇ ಚೆಂಡು, ಅದೂ ಅರ್ಧಕ್ಕೆ. ಫಿಸಿಯೋಥೆರಪಿ ಮಾಡಿಸುತ್ತಿದ್ದ ಹುಡುಗಿಗೆ ಮಾತಿನ ನಡುವೆ, ‘ಹಿಂದೆ ಕೊಳಲು ನುಡಿಸುತ್ತಿದ್ದೆ’ ಅಂದೆ. ಅವಳು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. ‘ಮೇಡಂ, ಮೂರನೇ ಚೆಂಡು ಏಳಲಿ, ಡಾಕ್ಟರನ್ನು ಒಂದು ಮಾತು ಕೇಳಿ, ಆಮೇಲೆ ಅದನ್ನೇ ಹಿಡೀರಿ’ ಅಂದಳು. ಮೊದಲ ಥ್ಯಾಂಕ್ಸ್ ಅವಳಿಗೆ. ಮೂರನೇ ಚೆಂಡು ಎದ್ದದ್ದು ಏಳನೇ ವಾರದಲ್ಲಿ.

ದಿಂಬಿನ ಚೀಲ ಬಿಚ್ಚಿದರೆ ಬಿದಿರು ಒಣಗಿ ಉದ್ದಕ್ಕೂ ಸೀಳಿತ್ತು. ಊದುವ ರಂಧ್ರದವರೆಗೂ ಸೀಳು ಬಂದಿದ್ದರಿಂದ ದಾರ ಸುತ್ತಿದರೂ ಪ್ರಯೋಜನವಿರಲಿಲ್ಲ. ಅದನ್ನು ನೋಡಿ ತುಂಬ ಅತ್ತೆ. ಮಾರನೇ ದಿನ ನನ್ನವರು ಒಂದು ಮಾತೂ ಹೇಳದೆ ಹೋಗಿ ಐದು ಶ್ರುತಿಯ ಹೊಸ ಕೊಳಲು ತಂದರು. ಜೊತೆಗೆ ಹಚ್ಚಲು ಒಂದು ಸಣ್ಣ ಬಾಟಲಿ ಸಾಸಿವೆ ಎಣ್ಣೆ. ಎಣ್ಣೆ ಹಚ್ಚಬೇಕು ಅನ್ನೋದು ಅವರಿಗೆ ಹೇಗೆ ಗೊತ್ತಾಯಿತೋ, ನಾನಂತೂ ಹೇಳಿರಲಿಲ್ಲ.

ಕೊಳಲು ಕಲಿಸಿದ ಮೇಷ್ಟ್ರಿಗೆ ಫೋನ್ ಮಾಡಲು ಮೂರು ದಿನ ಧೈರ್ಯ ಬರಲಿಲ್ಲ. ಈಗ ಅವರಿಗೆ 79. ದನಿ ಕೇಳಿದ್ದೇ ಗುರುತು ಹಿಡಿದರು. ‘ಬುಧವಾರ ಐದಕ್ಕೆ ಬಾರಮ್ಮ’ ಅಂದರು. ಯಾಕೆ ಬಿಟ್ಟೆ ಅಂತ ಆವತ್ತೂ ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ.

ಕೊಳಲಿನಲ್ಲಿ ಷಡ್ಜಕ್ಕೆ, ಅಂದರೆ ‘ಸ’ ಸ್ವರಕ್ಕೆ, ಎಡಗೈಯ ಎರಡು ಬೆರಳು ಸಾಕು. ಮೊದಲ ಎರಡು ರಂಧ್ರ ಮುಚ್ಚಿದರೆ ಆಯಿತು. ಬೆರಳಿಗೆ ಅದು ನೆನಪಿತ್ತು, ತುಟಿಗೆ ಇರಲಿಲ್ಲ. ತುಟಿಯ ಸಂದಿನಿಂದ ಹೊರಟ ಉಸಿರು ರಂಧ್ರದ ಆಚೆ ಅಂಚಿಗೆ ಬಡಿದು ಸೀಳಬೇಕು. ಆಗಲೇ ನಾದ. ಕೂದಲೆಳೆಯಷ್ಟು ಆಚೀಚೆ ಆದರೂ ಬರೀ ಗಾಳಿ. ನನಗೆ ಮೂರು ವಾರ ಬಂದದ್ದು ಗಾಳಿಯೇ. ಹತ್ತು ನಿಮಿಷಕ್ಕೆ ತಲೆ ಸುತ್ತು. ಮೇಷ್ಟ್ರು ಶ್ರುತಿಪೆಟ್ಟಿಗೆ ಹಾಕಿ ಪಕ್ಕದಲ್ಲೇ ಕೂತಿರುತ್ತಿದ್ದರು. ಆ ಗಾಳಿಯನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು, ಕಚೇರಿ ಕೇಳುವ ಹಾಗೆ.

ಆಮೇಲೆ ಅವರು ಹಿಡಿದದ್ದು ಹರಿಕಾಂಭೋಜಿ ರಾಗ. ಕಲಿಯುವವರ ಮೊದಲ ಪಾಠ ಸರಳೆ ವರಸೆ ಅಂದರೆ ಮಾಯಾಮಾಳವಗೌಳವೇ ಅಲ್ವಾ? ಆದರೆ ಕೊಳಲಿಗೆ ಅದು ಕಷ್ಟದ ರಾಗ. ಅದರ ರಿಷಭ, ಧೈವತ, ನಿಷಾದ ಸ್ವರಗಳಿಗೆ ರಂಧ್ರವನ್ನು ಅರೆಬರೆ ಮುಚ್ಚಬೇಕು. ಹರಿಕಾಂಭೋಜಿಯಲ್ಲಿ ಒಂದೊಂದೇ ಬೆರಳು ಎತ್ತುತ್ತಾ, ಇಡುತ್ತಾ ಹೋದರೆ ಸ್ವರಗಳು ತಾವಾಗೇ ಸಿಗುತ್ತವೆ. ಚಿಕ್ಕವಳಿದ್ದಾಗಲೂ ಅಲ್ಲಿಂದಲೇ ಶುರು ಮಾಡಿಸಿದ್ದರು. ಪೆಂಡಾಲಿಗೆ ಮೋಹನದ ವರ್ಣ ಆರಿಸಿದ್ದೂ ಇದೇ ಕಾರಣಕ್ಕೆ ಅಂತ ಈಗ ಗೊತ್ತಾಗುತ್ತಿದೆ. ಅದರ ಐದೂ ಸ್ವರ ಪೂರ್ತಿ ಬೆರಳಲ್ಲೇ ಬರುತ್ತವೆ. ಸ್ವರವನ್ನು ತೂಗಿಸುವ ಗಮಕಕ್ಕೆ ನಾನು ಅವಸರ ಮಾಡಿದಾಗೆಲ್ಲ ಮಾಲಿಯವರ ರೆಕಾರ್ಡಿಂಗ್ ಹಾಕುತ್ತಿದ್ದರು. ಹಾಡುವವರ ಗಂಟಲಿನ ಗಮಕವನ್ನು ಬಿದಿರಿಗೆ ತಂದವರು ಅವರೇ, ಮಾಲಿ ಅಂತ ಕರೆಸಿಕೊಂಡ ಟಿ. ಆರ್. ಮಹಾಲಿಂಗಂ. ‘ಗಮಕ ಆಮೇಲೆ ಕೇಳು, ಮೊದಲು ಆ ಉದ್ದ ಸ್ವರ ಕೇಳು’ ಅನ್ನುತ್ತಿದ್ದರು ಮೇಷ್ಟ್ರು. ಮೇಷ್ಟ್ರೇ, ನಿಮ್ಮ ಋಣ ಬರೆದು ತೀರುವಂಥದ್ದಲ್ಲ.

ಕೆಳಗಿನ ಮನೆ ಆಂಟಿಗೆ ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕಾಗ, ‘ಸಾರಿ ಆಂಟಿ, ದಿನಾ ತೊಂದರೆ’ ಅಂದೆ. ಅವರು ತರಕಾರಿ ಚೀಲ ಕೈ ಬದಲಿಸುತ್ತಾ, ‘ಮಂಗಳವಾರಕ್ಕಿಂತ ಇವತ್ತು ಗಾಳಿ ಕಡಿಮೆ ಇತ್ತು ಕಣಮ್ಮ’ ಅಂದರು. ಅವರು ದಿನಾ ಕೇಳುತ್ತಿದ್ದಾರೆ ಅನ್ನೋದೇ ನನಗೆ ಹೊಳೆದಿರಲಿಲ್ಲ. ಆವತ್ತು ರಾತ್ರಿ ಎರಡು ಗಂಟೆ ಜಾಸ್ತಿ ಸಾಧನೆ ಮಾಡಿದೆ. ಮಗಳು ಮೊಬೈಲಿನಲ್ಲಿ ಟ್ಯೂನರ್ ಹಿಡಿದು, ‘ಅಮ್ಮಾ, ಸ್ವಲ್ಪ ಕೆಳಗಿದೆ, ಇನ್ನೂ, ಹಾಂ, ಬಂತು’ ಅನ್ನುತ್ತಾ ಪಕ್ಕದಲ್ಲೇ ಕೂತಿದ್ದಳು.

ಭಾನುವಾರ ಮೃದಂಗ ನುಡಿಸಿದ ಹುಡುಗನಿಗೆ ಬೇರೆಯಾಗಿಯೇ ಹೇಳಬೇಕು. ವರ್ಣದ ಚರಣದಲ್ಲಿ ನನಗೆ ಉಸಿರು ಸಾಲಲಿಲ್ಲ. ಕೊಳಲು ತುಟಿಯಿಂದ ಇಳಿಸಿಬಿಟ್ಟೆ. ಅವನು ತಾಳದ ಒಂದು ಇಡೀ ಸುತ್ತು, ಒಂದು ಆವರ್ತ, ತಾನೇ ತುಂಬಿದ. ಮುಗಿಯುವ ಹೊತ್ತಿಗೆ ನನ್ನ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿ, ನಾನು ಮತ್ತೆ ಶುರು ಮಾಡಬೇಕಾದ ಎಡುಪಿಗೆ ಸರಿಯಾಗಿ ತಂದುಕೊಟ್ಟ. ಕೂತವರಿಗೆ ಅದು ಮೊದಲೇ ಮಾತಾಡಿಕೊಂಡಿದ್ದು ಅನ್ನಿಸಿರಬೇಕು. ಇನ್ನೂ ಕಾಲೇಜು ಓದುವ ಹುಡುಗ. ಚೆನ್ನಾಗಿರಪ್ಪ.

ಪೆಂಡಾಲಿನಲ್ಲಿ ಕೊನೆತನಕ ಕೂತಿದ್ದ ಎಲ್ಲರಿಗೂ, ಮಳೆ ಹನಿ ಶುರುವಾದಾಗ ಮೈಕಿನ ಮೇಲೆ ಕೊಡೆ ಹಿಡಿದು ನಿಂತ ಹುಡುಗರಿಗೂ ನನ್ನ ನಮಸ್ಕಾರ.

ಈ ಬುಧವಾರದಿಂದ ಮಾಯಾಮಾಳವಗೌಳ ಅಂದಿದ್ದಾರೆ ಮೇಷ್ಟ್ರು. ಇನ್ನೊಂದಷ್ಟು ದಿನ ಅಪಸ್ವರ ಜಾಸ್ತಿ ಇರುತ್ತೆ ಅಂತ ಕೆಳಗಿನ ಮನೆ ಆಂಟಿಗೆ ಹೇಳಿದೆ. ‘ಎಷ್ಟು ಗಂಟೆಗೆ?’ ಅಂದರು.