ವರ್ಷದ ಶುಲ್ಕ ಕಟ್ಟಿದ ಮೇಲೂ ತಪಾಸಣೆಯ ಬಿಲ್ಲೇಕೆ?

ಮಾನ್ಯ ಸಂಪಾದಕರೇ,

ವರ್ಷಕ್ಕೊಮ್ಮೆ ಹಣ ಕಟ್ಟಿ ಸದಸ್ಯರಾದರೆ ಬೇಕೆಂದಾಗ ವೈದ್ಯರನ್ನು ಕಾಣಬಹುದು, ಫೋನಿನಲ್ಲೇ ಸಲಹೆ ಕೇಳಬಹುದು, ‘ಫಂಕ್ಷನಲ್ ಮೆಡಿಸಿನ್’ ವಿಧಾನದಿಂದ ಕಾಯಿಲೆಯ ಮೂಲವನ್ನೇ ಪತ್ತೆ ಮಾಡಲಾಗುವುದು ಎಂಬ ಜಾಹೀರಾತುಗಳು ಈಗ ರಾಯಚೂರಿನವರ ಮೊಬೈಲಿಗೂ ಬರುತ್ತಿವೆ. ಅಂಥ ಒಂದು ಕ್ಲಿನಿಕ್ಕಿನಲ್ಲಿ ಕಳೆದ ವರ್ಷ ನಾನೂ ನನ್ನ ಪತ್ನಿಯೂ ಆರು ಸಾವಿರ ರೂಪಾಯಿ ಕಟ್ಟಿ ಸದಸ್ಯರಾದೆವು. ಅಲ್ಲಿ ನಮಗೆ ಉಪಕಾರವೂ ಆಯಿತು, ಮೋಸವೂ ಆಯಿತು. ಎರಡೂ ಒಂದೇ ಕೋಣೆಯಲ್ಲಿ ಆದದ್ದರಿಂದ ಈ ಪತ್ರ ಬರೆಯಬೇಕೆನಿಸಿತು.

ನನ್ನ ಪತ್ನಿಗೆ ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಅಂಗಾಲು ಜೋಮು ಹಿಡಿಯುತ್ತದೆ, ರಾತ್ರಿ ಚುಚ್ಚುತ್ತದೆ ಎಂದು ಅವಳು ಹೋದಲ್ಲೆಲ್ಲ ಹೇಳುತ್ತಲೇ ಬಂದಿದ್ದಳು. ಚೀಟಿ ಬರೆಯುತ್ತಿದ್ದ ಕೈ ನಿಲ್ಲದೆಯೇ ‘ವಯಸ್ಸಾಯಿತಲ್ಲ’ ಎಂಬ ಉತ್ತರ ಬರುತ್ತಿತ್ತು. ವೈದ್ಯರನ್ನಷ್ಟೇ ದೂಷಿಸಿ ಫಲವಿಲ್ಲ. 67 ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಭಾರತದ ರೋಗಿಗೆ ಪ್ರಾಥಮಿಕ ಹಂತದಲ್ಲಿ ವೈದ್ಯರೆದುರು ಸಿಗುವ ಸಮಯ ಸರಾಸರಿ ಎರಡು ನಿಮಿಷದ ಆಸುಪಾಸಿನಲ್ಲಿತ್ತು. ಹೊಸ ಕ್ಲಿನಿಕ್ಕಿನ ವೈದ್ಯರು ನಮ್ಮೊಂದಿಗೆ ಮುಕ್ಕಾಲು ಗಂಟೆ ಕುಳಿತರು. ಯಾವ ಮಾತ್ರೆ, ಎಷ್ಟು ವರ್ಷದಿಂದ, ಊಟ ಏನು, ನಿದ್ದೆ ಹೇಗೆ ಎಂದೆಲ್ಲ ಕೇಳಿ, ಚಪ್ಪಲಿ ಬಿಡಿಸಿ ಅಂಗಾಲನ್ನು ಮುಟ್ಟಿ ನೋಡಿದರು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ನುಂಗಿದವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುವುದುಂಟು ಎಂದು ವಿವರಿಸಿ, ಅದೊಂದೇ ಪರೀಕ್ಷೆ ಬರೆದುಕೊಟ್ಟರು. ನಿಜಕ್ಕೂ ಕಡಿಮೆಯಿತ್ತು. ಕೆಲವೇ ಚುಚ್ಚುಮದ್ದಿನಲ್ಲಿ ಅವಳ ಕಾಲಿನ ಚುಚ್ಚು ತಗ್ಗಿತು. ಇದನ್ನು ಪತ್ತೆ ಹಚ್ಚಲು ಯಾವ ಹೊಸ ವೈದ್ಯಶಾಸ್ತ್ರವೂ ಬೇಕಿರಲಿಲ್ಲ, ಹಳೆಯ ಪಠ್ಯದ ಜ್ಞಾನ ಮತ್ತು ಮುಕ್ಕಾಲು ಗಂಟೆಯ ಪುರುಸೊತ್ತು ಸಾಕಾಗಿತ್ತು.

ಮೂರನೆಯ ಭೇಟಿಯಲ್ಲಿ ಧಾಟಿ ಬದಲಾಯಿತು. ‘ಮೂಲ ಕಾರಣದ ಪ್ಯಾಕೇಜ್’ ಎಂದು ಹದಿನಾಲ್ಕು ಸಾವಿರ ರೂಪಾಯಿಯ ತಪಾಸಣೆಗಳನ್ನು ಮಾಡಿಸಲು ಹೇಳಿದರು; ಸದಸ್ಯತ್ವದ ಶುಲ್ಕಕ್ಕೂ ಅದಕ್ಕೂ ಸಂಬಂಧವಿಲ್ಲವಂತೆ. ವಾರದ ನಂತರ ಬಂದ ಬಣ್ಣದ ವರದಿಯಲ್ಲಿ, ಅವಳ ದೇಹಕ್ಕೆ ಒಗ್ಗದ ಆಹಾರಗಳೆಂದು ಜೋಳ, ತೊಗರಿ, ಶೇಂಗಾ ಮತ್ತು ಹಾಲಿಗೆ ಕೆಂಪು ಗುರುತು ಹಾಕಲಾಗಿತ್ತು. ರಾಯಚೂರು ಸೀಮೆಯ ಮನೆಯಲ್ಲಿ ಇವಿಷ್ಟನ್ನೂ ತೆಗೆದರೆ ಒಲೆಯ ಮೇಲೆ ಉಳಿಯುವುದು ನೀರು ಮಾತ್ರ. ‘ಹಂಗಾದ್ರ ಅರವತ್ತು ವರ್ಷ ನಾ ಉಂಡಿದ್ದೆಲ್ಲಾ ವಿಷಾನ?’ ಎಂದು ಅವಳು ಕೇಳಿದಳು. ಎರಡು ತಿಂಗಳು ರೊಟ್ಟಿ ಬಿಟ್ಟಳು. ತೂಕ ಇಳಿಯಿತು, ಸುಸ್ತು ಏರಿತು.

ಆಮೇಲೆ ತಿಳಿದ ಸಂಗತಿಯೆಂದರೆ, ರಕ್ತದಲ್ಲಿನ ಐಜಿಜಿ ಎಂಬ ಪ್ರತಿಕಾಯವನ್ನು (ಹೊರಗಿನಿಂದ ಬಂದ ಪದಾರ್ಥಕ್ಕೆ ಪ್ರತಿಯಾಗಿ ದೇಹ ತಯಾರಿಸುವ ಪ್ರೋಟೀನು) ಅಳೆದು ‘ಒಗ್ಗದ ಆಹಾರ’ ಹೇಳುವ ಈ ಪರೀಕ್ಷೆಯನ್ನು ಅಮೆರಿಕ, ಕೆನಡಾ, ಯುರೋಪುಗಳ ಅಲರ್ಜಿ ತಜ್ಞರ ಸಂಘಗಳು ಮಾಡಿಸಬೇಡಿ ಎಂದೇ ಹೇಳಿವೆ. ನಾವು ನಿತ್ಯ ಉಣ್ಣುವ ಪದಾರ್ಥಕ್ಕೆ ಆ ಪ್ರತಿಕಾಯ ಇರುವುದು ಸಹಜ. ಅದು ಉಂಡದ್ದರ ಗುರುತೇ ಹೊರತು ರೋಗದ ಗುರುತಲ್ಲ. ಜೋಳ ಉಣ್ಣುವವರ ರಕ್ತದಲ್ಲಿ ಜೋಳಕ್ಕೆ ಕೆಂಪು ಗುರುತು ಬೀಳದೆ ಇನ್ನಾವುದಕ್ಕೆ ಬೀಳಬೇಕು?

ಫಂಕ್ಷನಲ್ ಮೆಡಿಸಿನ್ ಎಂಬ ಹೆಸರು ಅಮೆರಿಕದಲ್ಲಿ 1991ರಲ್ಲಿ ಜೆಫ್ರಿ ಬ್ಲಾಂಡ್ ಅವರು ಕಟ್ಟಿದ ಸಂಸ್ಥೆಯಿಂದ ಪ್ರಚಾರಕ್ಕೆ ಬಂತು. ನಮ್ಮಲ್ಲಿ ಅದು ಎಂ.ಡಿ.ಯಂತೆ ಮಾನ್ಯತೆ ಪಡೆದ ಪದವಿಯ ವಿಷಯವಲ್ಲ. ಊಟ, ನಿದ್ದೆ, ದುಡಿಮೆಗಳನ್ನು ವಿಚಾರಿಸಬೇಕೆಂಬ ಅದರ ಮಾತಿಗೆ ನನ್ನ ತಕರಾರಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಮೂಲವನ್ನು ಹುಡುಕುವವರು ಮೊದಲು ಯಾವ ಊರು, ಯಾವ ಬೋರಿನ ನೀರು ಎಂದು ಕೇಳಬೇಕಲ್ಲವೇ? ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಮೂಳೆಗೆ ಇಳಿಯುವುದನ್ನೂ, ಹಟ್ಟಿ ಚಿನ್ನದ ಗಣಿ ಸೀಮೆಯ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದದ್ದನ್ನೂ ಬಲ್ಲ ವೈದ್ಯರು ಮೊಣಕಾಲು ನೋವಿನವರಿಗೆ ಆ ಪ್ರಶ್ನೆಯನ್ನು ಹಾಕಿಯೇ ಹಾಕುತ್ತಾರೆ. ನಮಗೆ ಯಾರೂ ಕೇಳಲಿಲ್ಲ.

ಸದಸ್ಯತ್ವದ ಪದ್ಧತಿ ಮಾತ್ರ ನನಗೆ ಹೊಸದೆನಿಸಲಿಲ್ಲ. ನಮ್ಮ ಹಳ್ಳಿಗಳಲ್ಲಿ ಬಡಿಗ, ಕಮ್ಮಾರರು ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ, ಎಂದರೆ ವರ್ಷದ ಕೆಲಸಕ್ಕೆ ಕೂಲಿಯಾಗಿ ಕಾಳಿನ ಪಾಲು, ಒಯ್ಯುತ್ತಿದ್ದರು. ಆಮೇಲೆ ವರ್ಷವಿಡೀ ಕೂರಿಗೆ ಮುರಿದರೂ ಕುಂಟೆ ಸಡಿಲಾದರೂ ಬೇರೆ ಕಾಸು ಕೇಳುತ್ತಿರಲಿಲ್ಲ. (ಆ ವ್ಯವಸ್ಥೆಯೊಳಗಿನ ಜಾತಿಯ ಕಹಿ ಬೇರೆಯೇ ಮಾತು.) ಆಯ ಪಡೆದವನಿಗೆ ಕೂರಿಗೆ ಗಟ್ಟಿಯಾಗಿ ಬಾಳುವುದರಲ್ಲೇ ಲಾಭವಿತ್ತು. ಅಮೆರಿಕದಲ್ಲಿ ‘ಡೈರೆಕ್ಟ್ ಪ್ರೈಮರಿ ಕೇರ್’ ಎನ್ನುವ ತಿಂಗಳ ಶುಲ್ಕದ ಪದ್ಧತಿಯ ಒಳತಿರುಳೂ ಇದೇ. ಅಲ್ಲಿ ಪ್ರತಿ ಭೇಟಿಗೂ ವಿಮಾ ಕಂಪನಿಗೆ ಬಿಲ್ಲು ಬರೆದು ಸಾಕಾದ ವೈದ್ಯರು ವಿಮೆಯನ್ನು ದೂರವಿಟ್ಟು, ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಬದಲು ಆರೇಳು ನೂರು ಜನರನ್ನಷ್ಟೇ ನೋಡತೊಡಗಿದರು. ನಮ್ಮಲ್ಲಿ ಹೊರರೋಗಿ ಮತ್ತು ವೈದ್ಯರ ನಡುವೆ ವಿಮೆ ಇದ್ದದ್ದೇ ಅಪರೂಪ. ಜೇಬಿನಿಂದ ತೆಗೆದು ಅಲ್ಲೇ ಕೊಡುತ್ತೇವೆ. ಹೀಗಿರುವಾಗ ವರ್ಷದ ಶುಲ್ಕ ಪಡೆದು ಮೇಲೊಂದು ತಪಾಸಣೆಯ ಬಿಲ್ಲನ್ನೂ ಇಟ್ಟರೆ, ಅದು ಆಯವನ್ನೂ ಒಯ್ದು ಪ್ರತಿ ಮೊಳೆಗೂ ಕಾಸು ಕೇಳಿದಂತೆ.

ಸರ್ಕಾರದ ಯೋಜನೆಗಳಲ್ಲಿ ಈ ಜಾಗ ಖಾಲಿಯಿದೆ ಎಂಬುದನ್ನೂ ಹೇಳಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯುಂಟು. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಸಹಕಾರ ಸಂಘಗಳ ಸದಸ್ಯರಿಗಿರುವ ಯಶಸ್ವಿನಿ ಯೋಜನೆಯದೂ ಹೆಚ್ಚುಕಡಿಮೆ ಅದೇ ದಾರಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ, ಸಕ್ಕರೆಯ ಮಾತ್ರೆಗಳು ಉಚಿತವಾಗಿ ಸಿಗುತ್ತವೆ, ಆದರೆ ಹೋದಾಗಲೊಮ್ಮೆ ಹೊಸ ಮುಖದೆದುರು ಕಥೆಯನ್ನು ಮೊದಲಿನಿಂದ ಹೇಳಬೇಕು. ಸರ್ಕಾರವೇ ನಗರಗಳಲ್ಲಿ ನಡೆಸುವ ‘ನಮ್ಮ ಕ್ಲಿನಿಕ್’ಗಳಲ್ಲಿ ಪ್ರತಿ ಮಧುಮೇಹಿಗೂ ಒಂದು ದಪ್ಪ ನೋಟ್‌ಬುಕ್ಕು ಕೊಟ್ಟು, ಸಾಧ್ಯವಾದಷ್ಟೂ ಅದೇ ವೈದ್ಯರೇ ನೋಡುವಂತೆ ವಾರ ಗೊತ್ತುಮಾಡಿದರೆ, ನಾವು ಆರು ಸಾವಿರ ಕೊಟ್ಟು ಕೊಂಡದ್ದರ ಅರ್ಧಪಾಲು ಬಡವರಿಗೆ ಕಾಸಿಲ್ಲದೆ ದಕ್ಕುತ್ತದೆ.

ಖಾಸಗಿಯವರ ವಿಷಯದಲ್ಲಿ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಾಯಿತ ಪ್ರತಿ ಕ್ಲಿನಿಕ್ಕೂ ದರಪಟ್ಟಿಯನ್ನು ಕಾಣುವಂತೆ ತೂಗುಹಾಕಬೇಕು. ಆ ಪಟ್ಟಿಯಲ್ಲಿ ಸದಸ್ಯತ್ವದ ಶುಲ್ಕ, ಅದರಲ್ಲಿ ಸೇರಿದ ಸೇವೆ, ಸೇರದ ಪರೀಕ್ಷೆ, ವೈದ್ಯರು ನಡುವರ್ಷದಲ್ಲಿ ಊರು ಬಿಟ್ಟರೆ ಮರಳಿ ಸಿಗುವ ಹಣ, ಇಷ್ಟೂ ಇರಲೇಬೇಕೆಂದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಪ್ರಾಧಿಕಾರವು ಸೂಚನೆ ಹೊರಡಿಸಬೇಕೆಂದು ವಿನಂತಿಸುತ್ತೇನೆ. ತಪಾಸಣೆಗೆ ಕಳಿಸಿದ್ದಕ್ಕೆ ವೈದ್ಯರು ಕಮಿಷನ್ ಪಡೆಯುವುದನ್ನು ವೈದ್ಯಕೀಯ ವೃತ್ತಿಯ 2002ರ ನಿಯಮಗಳೇ ನಿಷೇಧಿಸಿವೆ. ಪ್ಯಾಕೇಜಿನ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಹಕ್ಕು ಪ್ರಾಧಿಕಾರಕ್ಕಿದೆ.

ನಮ್ಮ ಸದಸ್ಯತ್ವ ಬರುವ ತಿಂಗಳು ಮುಗಿಯುತ್ತದೆ. ಪ್ಯಾಕೇಜಿನ ಒತ್ತಾಯವಿಲ್ಲದೆ, ಅದೇ ವೈದ್ಯರ ಮುಕ್ಕಾಲು ಗಂಟೆಗಾಗಿ ಮತ್ತೆ ಆರು ಸಾವಿರ ಕಟ್ಟಲು ಸಿದ್ಧನಿದ್ದೇನೆಂದು ಕ್ಲಿನಿಕ್ಕಿಗೆ ಕಾಗದ ಬರೆದು ಹದಿನೈದು ದಿನವಾಯಿತು, ಉತ್ತರ ಬಂದಿಲ್ಲ. ನನ್ನ ಪತ್ನಿ ರೊಟ್ಟಿ ಬಡಿಯುವುದನ್ನು ಮತ್ತೆ ಶುರು ಮಾಡಿದ್ದಾಳೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ, ರಾಯಚೂರು