ಖಿನ್ನತೆಯ ರೋಗಿಗಳಿಗೆ ತರಬೇತಿ ಪಡೆದ ದಾದಿಯರನ್ನು ಒದಗಿಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಖಿನ್ನತೆಯಿಂದ ಬಳಲುತ್ತಿರುವ ನನ್ನ ಅಕ್ಕನೊಂದಿಗೆ ವರ್ಷಗಳಿಂದ ಆಸ್ಪತ್ರೆಗೆ ಅಲೆಯುತ್ತಿರುವ ನಾನು, ಕೊಟ್ಟ ಮನವಿಗಳಿಗೆ ಉತ್ತರವೇ ಬಾರದ್ದರಿಂದ ತಮಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ಇಂಥ ರೋಗಿಗಳಿರುವ ಪ್ರತಿ ವಾರ್ಡಿನಲ್ಲೂ, ಪ್ರತಿ ಪಾಳಿಯಲ್ಲೂ, ಮನೋರೋಗ ಶುಶ್ರೂಷೆಯಲ್ಲಿ ತರಬೇತಿ ಪಡೆದ ದಾದಿಯೊಬ್ಬರು ಇರಲೇಬೇಕು.

ಕಳೆದ ಬಾರಿ ದಾಖಲಾಗಿದ್ದಾಗ ಅಕ್ಕ ಊಟದ ತಟ್ಟೆ ಮುಟ್ಟದೆ ಕುಳಿತಿದ್ದಳು. ಪಾಳಿಯಲ್ಲಿದ್ದ ದಾದಿ ಇಡೀ ವಾರ್ಡಿಗೆ ಕೇಳುವಂತೆ, "ನಿನಗೇನು ಕಡಿಮೆಯಾಗಿದೆ? ಇಷ್ಟು ಜನ ನಿನಗಾಗಿ ಒದ್ದಾಡುತ್ತಿದ್ದಾರೆ, ನಾಚಿಕೆಯಾಗುವುದಿಲ್ಲವೇ?" ಎಂದು ಗದರಿದರು. ತಾನು ಎಲ್ಲರಿಗೂ ಹೊರೆ ಎಂದು ಮೊದಲೇ ನಂಬಿದ್ದವಳಿಗೆ ಆ ಮಾತು ತೀರ್ಪಿನಂತೆ ಕೇಳಿಸಿತು. "ಅವರು ಹೇಳಿದ್ದು ಸರಿಯೇ ಇದೆ" ಎಂದವಳು ಗೋಡೆಯತ್ತ ತಿರುಗಿ ಮಲಗಿದಳು. ಅವಳನ್ನು ಮತ್ತೆ ಮಾತನಾಡಿಸಲು ನಾವು ಪಟ್ಟ ಪಾಡು ಯಾವ ಕುಟುಂಬಕ್ಕೂ ಬೇಡ. ಆ ದಾದಿಯ ಮೇಲೆ ನನಗೆ ಹಗೆಯಿಲ್ಲ. ಅಷ್ಟೂ ರೋಗಿಗಳಿಗೆ ಅವರೊಬ್ಬರೇ ಇದ್ದರು, ಈ ಕೆಲಸವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಅವರನ್ನು ಹಾಗೆ ನಿಲ್ಲಿಸಿದವರ ಮೇಲೆ ನನಗೆ ತಡೆಯಲಾರದಷ್ಟು ಸಿಟ್ಟಿದೆ.

ಇಂಥ ರೋಗಿಗಳ ಆರೈಕೆಯ ನಿಯಮಗಳನ್ನು ತಮಗೆ ನಾನು ಹೇಳಬೇಕಾಗಿಲ್ಲ. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರಗಳೇ ಹಿಡಿಯುತ್ತವೆ, ಕೆಲವರಿಗೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ರೋಗಿಯನ್ನು ಕಾಯುವುದು ಶುಶ್ರೂಷೆಯೇ. ಮನಸ್ಸು ತಿಳಿಯಾಗುವ ಮೊದಲೇ ಮೈಗೆ ಚೈತನ್ಯ ಮರಳಿದಾಗ ಆತ್ಮಹತ್ಯೆಯ ಅಪಾಯ ಹೆಚ್ಚಬಹುದು. ಆಗ "ಸಾಯಬೇಕೆನಿಸುತ್ತಿದೆಯೇ?" ಎಂದು ನೇರವಾಗಿ, ಮೆಲ್ಲನೆ ಕೇಳಬಲ್ಲವರು ಹತ್ತಿರವಿರಬೇಕು, ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಕೀಳರಿಮೆಯಲ್ಲಿ ಮುಳುಗಿದವರಿಗೆ ಬರಿಯ ಹೊಗಳಿಕೆ ನಾಟುವುದಿಲ್ಲ. ತಲೆ ಬಾಚಿಕೊಳ್ಳುವಂಥ ಸಣ್ಣ ಕೆಲಸವನ್ನು ಅವರೇ ಮುಗಿಸುವವರೆಗೆ ತಾಳ್ಮೆಯಿಂದ ಕಾದು, ಮುಗಿಸಿದ್ದನ್ನು ಗುರುತಿಸಿ ಹೇಳಬೇಕು. ಅವರು ಮಾತನಾಡದಿದ್ದರೂ ದಿನವೂ ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತಿರಬೇಕು. ದಾದಿಗೂ ರೋಗಿಗೂ ನಡುವಿನ ಸಂಬಂಧವೇ ಶುಶ್ರೂಷೆಯ ತಿರುಳು ಎಂದು ಅಮೆರಿಕದ ಶುಶ್ರೂಷಾ ತಜ್ಞೆ ಹಿಲ್ಡೆಗಾರ್ಡ್ ಪೆಪ್ಲೌ ಅವರು 1952ರಲ್ಲೇ ವಿವರಿಸಿದ್ದರು. ಇನ್ನೂ ಎಷ್ಟು ಕಾಲ ಕಾಯಬೇಕು, ಸಚಿವರೇ?

ಹೊಸ ಕಟ್ಟಡದ ಭರವಸೆಯನ್ನು ನಾನು ಕೇಳುತ್ತಿಲ್ಲ. ಪ್ರತಿ ಪಾಳಿಗೆ ತರಬೇತಿ ಪಡೆದ ಒಬ್ಬ ದಾದಿಯನ್ನು ಕೊಡಿ. ರೋಗಿಯ ಜೊತೆ ಕುಳಿತು ಮಾತನಾಡುವ ಹೊತ್ತನ್ನು ಅವರ ಕರ್ತವ್ಯದ ವೇಳಾಪಟ್ಟಿಯಲ್ಲೇ ಸೇರಿಸಿ. ಆ ಹೊತ್ತಿನಲ್ಲಿ ಅವರಿಗೆ ಬೇರೆ ಕೆಲಸ ಹಚ್ಚಬೇಡಿ. ಇದು ಯಾವ ದಿನಾಂಕದಿಂದ ಜಾರಿಯಾಗುತ್ತದೆ ಎಂಬುದನ್ನು ದಯವಿಟ್ಟು ಲಿಖಿತವಾಗಿ ತಿಳಿಸಿ.

ಇಂತಿ,
ರೋಗಿಯೊಬ್ಬರ ತಂಗಿ