ಗೂಟ ಹೊಡೆಯುವ ದಿನ: ಗೆಳೆಯನಿಗೊಂದು ಪತ್ರ

ಪ್ರೀತಿಯ ಕ್ಯಾಪ್ಟನ್,

ಹೋದ ತಿಂಗಳು ಫೋನಿನಲ್ಲಿ ಕೇಳಿದೆಯಲ್ಲ, "ನಾಟಿಂಗ್‌ಹ್ಯಾಮ್ ಬಿಟ್ಟು ಆ ಕೊಂಪೆಗೆ ಯಾಕೆ ಹೋದ್ಯೋ, ಅಲ್ಲಿ ಹೊತ್ತಾದ್ರೂ ಹೇಗೆ ಹೋಗುತ್ತೆ?" ಅಂತ. ಅವತ್ತು ಮಾತು ಅರ್ಧಕ್ಕೇ ನಿಂತುಹೋಯಿತು. ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ವಾಟ್ಸಾಪಿನಲ್ಲಿ ಬರೆದರೆ ನೀನು ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀಯ. ಇಲ್ಲಾದರೆ ನಮ್ಮ ಬ್ಯಾಚಿನವರೆಲ್ಲ ಓದುತ್ತಾರೆ, ನಿನಗೆ ತಪ್ಪಿಸಿಕೊಳ್ಳೋಕೆ ಆಗಲ್ಲ. ಕೊನೇ ಬೆಂಚಿನವರೂ ಓದಲಿ. ರಬ್ಬರ್ ಚೆಂಡಿನ ವಿಷಯ ಮಾತ್ರ ಯಾರೂ ಎತ್ತಬೇಡಿ.

ಇಂಗ್ಲೆಂಡಿನ ಈ ಊರಿನ ಹೆಸರು ಲ್ಯಾಕ್ಸ್‌ಟನ್. ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿದೆ, ರಾಬಿನ್ ಹುಡ್ ಕಥೆಯ ಶೆರ್ವುಡ್ ಕಾಡಿನಿಂದ ಪೂರ್ವಕ್ಕೆ. ಒಂದು ಚರ್ಚು, ಒಂದು ಪಬ್ಬು, ಕೆಂಪು ಇಟ್ಟಿಗೆಯ ಮನೆಗಳು, ಮೇಲೆ ಕೆಂಪು ಹೆಂಚು. ಹಾಲು ಮುಗಿದರೆ ಕಾರು ತೆಗೆದುಕೊಂಡು ಓಲರ್ಟನ್ನಿಗೋ ಟಕ್ಸ್‌ಫರ್ಡಿಗೋ ಹೋಗುತ್ತೇವೆ. ಹೆಂಡತಿಯ ಆಸ್ಪತ್ರೆ ಕೆಲಸಕ್ಕೆ ಇಲ್ಲಿಂದ ಹತ್ತಿರ, ನನ್ನದು ಜಾಸ್ತಿ ಮನೆಯಿಂದಲೇ ಕೆಲಸ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಮಧ್ಯಾಹ್ನದ ಊಟ ಮುಗಿಸಿ ಒಂದು ಮೀಟಿಂಗ್ ಮಾಡಿ ತಲೆ ಎತ್ತಿದರೆ ಹೊರಗೆ ರಾತ್ರಿ. ಮೊದಲ ಚಳಿಗಾಲದಲ್ಲಿ ಇದು ನನ್ನನ್ನು ತುಂಬಾ ಕುಗ್ಗಿಸಿತು. ಈಗ ಬೆಳಕಿರುವಾಗಲೇ ಎದ್ದು ನಡೆಯಲು ಹೋಗುವ ಅಭ್ಯಾಸ ಮಾಡಿಕೊಂಡಿದ್ದೇನೆ.

ನಡೆಯುವುದು ಅಂದರೆ ಹೊಲದ ನಡುವೆಯೇ. ಈ ದೇಶದಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಇದು. ಯಾರದ್ದೋ ಗೋಧಿ ಹೊಲ, ಅದರ ಮಧ್ಯೆ ಕಾಲುದಾರಿ, ಕಂಬದ ಮೇಲೆ ಹಳದಿ ಬಾಣದ ಗುರುತು. ಆ ದಾರಿಯಲ್ಲಿ ಯಾರು ಬೇಕಾದರೂ ಓಡಾಡಬಹುದು, ಅದು ಜನರ ಹಕ್ಕು. ಬಿತ್ತನೆಗೆ ಅಂತ ರೈತ ದಾರಿಯನ್ನೂ ಉತ್ತರೆ, 14 ದಿನದೊಳಗೆ ಮತ್ತೆ ದಾರಿ ಮಾಡಿಕೊಡಬೇಕು. ಕಾನೂನೇ ಹಾಗಿದೆ. ಮೊದಮೊದಲು ನಾನು ಅಂಜಿಕೊಂಡು ಬದುವಿನ ಪಕ್ಕದಲ್ಲೇ ಸುತ್ತಿ ಹೋಗುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಅಜ್ಜ ನೋಡಿ, "ನಡುವೆ ಹೋಗಪ್ಪ, ದಾರಿ ಅಲ್ಲಿದೆ" ಅಂದರು. ಹೊಲ ಅವರದ್ದೇ.

ನಾಲ್ಕು ಮನೆಗಳ ಊರು ಅಂದುಕೊಂಡು ಬಂದವನಿಗೆ ಇದು ಎಂಥಾ ಊರು ಅಂತ ಗೊತ್ತಾಗಲು ಒಂದಿಷ್ಟು ಕಾಲ ಹಿಡಿಯಿತು. ಇಂಗ್ಲೆಂಡಿನ ಹಳ್ಳಿಯ ಫೋಟೋ ನೋಡಿರುತ್ತೀಯಲ್ಲ, ಚೌಕ ಚೌಕ ಹೊಲ, ಸುತ್ತ ಹಸಿರು ಬೇಲಿ? ಆ ಬೇಲಿಗಳಲ್ಲಿ ಎಷ್ಟೋ ಹಳೆಯವಲ್ಲ. ಮೊದಲು ಇಲ್ಲಿನ ಬಹಳಷ್ಟು ಹಳ್ಳಿಗಳಲ್ಲಿ ದೊಡ್ಡ ದೊಡ್ಡ ಬಯಲು ಹೊಲಗಳಿದ್ದವು. ಪ್ರತಿ ಮನೆಗೂ ಅದರಲ್ಲಿ ಉದ್ದುದ್ದ ಪಟ್ಟಿಗಳು, ಒಂದು ಇಲ್ಲಿ, ಇನ್ನೊಂದು ಅಲ್ಲಿ. ಒಳ್ಳೆ ಮಣ್ಣೂ ಕೆಟ್ಟ ಮಣ್ಣೂ ಎಲ್ಲರ ಪಾಲಿಗೂ ಬರುತ್ತಿತ್ತು. ಕೊಯ್ಲಾದ ಮೇಲೆ ಊರಿನ ದನಕುರಿ ಅಲ್ಲೇ ಮೇಯುತ್ತಿದ್ದವು. ಆಮೇಲೆ ದೊಡ್ಡ ಜಮೀನ್ದಾರರು ಪಾರ್ಲಿಮೆಂಟಿನಲ್ಲಿ ಕಾಯ್ದೆ ಮಾಡಿಸಿ ಬೇಲಿ ಹಾಕಿಸಿದರು. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಕಾಯ್ದೆಗಳಾದವು. ಸುಮಾರು 68 ಲಕ್ಷ ಎಕರೆ ಬೇಲಿಯೊಳಗೆ ಹೋಯಿತು. ಇಂಗ್ಲೆಂಡಿನ ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ನೆಲ ಅದು. ಒಂದು ಹಸು, ನಾಲ್ಕು ಕುರಿ ಇಟ್ಟುಕೊಂಡಿದ್ದ ಬಡವನಿಗೆ ಮೇಯಿಸಲು ಜಾಗ ಇಲ್ಲವಾಯಿತು. ನಮ್ಮ ಗೋಮಾಳ ಸೈಟುಗಳಾದಾಗ ಕುರಿ ಮೇಯಿಸುವವರಿಗೆ ಏನಾಯಿತು ಅಂತ ನೀನೇ ನೋಡಿದ್ದೀಯ.

ಲ್ಯಾಕ್ಸ್‌ಟನ್ನಿನಲ್ಲಿ ಮಾತ್ರ ಆ ಹಳೆಯ ಪದ್ಧತಿ ಇವತ್ತಿಗೂ ಬದುಕಿದೆ. ಮೂರು ದೊಡ್ಡ ಬಯಲು ಹೊಲ: ಸೌತ್ ಫೀಲ್ಡ್, ಮಿಲ್ ಫೀಲ್ಡ್, ವೆಸ್ಟ್ ಫೀಲ್ಡ್. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದು ಬೀಳು. ವರ್ಷ ವರ್ಷ ಸರದಿ ತಿರುಗುತ್ತದೆ. ನಡುವೆ ಬೇಲಿ ಇಲ್ಲ. ತಗ್ಗಿನಲ್ಲಿ, ನೀರು ಹರಿಯುವ ಕಡೆ ಹುಲ್ಲಿನ ಪಟ್ಟಿಗಳನ್ನು ಬಿಟ್ಟಿದ್ದಾರೆ, ಅವಕ್ಕೆ ಸೈಕ್ ಅನ್ನುತ್ತಾರೆ. ಅದನ್ನು ಯಾರೂ ಉಳುವಂತಿಲ್ಲ. ಬೇಸಿಗೆಯಲ್ಲಿ ಅಲ್ಲಿ ಬಿಡುವ ಕಾಡುಹೂವು ನೋಡಬೇಕು ನೀನು. 1635ರಲ್ಲಿ ಮಾರ್ಕ್ ಪಿಯರ್ಸ್ ಅನ್ನುವವನು ಈ ಊರಿನ ಪ್ರತಿಯೊಂದು ಪಟ್ಟಿಯನ್ನೂ ಅಳೆದು ನಕ್ಷೆ ಬರೆದ. ಅದು ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಯಲ್ಲಿದೆ. ನಕ್ಷೆಯ ಮೇಲೇ ಉಳುವವರು, ಕೊಯ್ಯುವವರು, ಬೇಟೆಯಾಡುವವರು ಪುಟ್ಟ ಪುಟ್ಟ ಚಿತ್ರಗಳಾಗಿ ಕೂತಿದ್ದಾರೆ. ಅದರ ಒಂದು ನಕಲನ್ನು ನಾನು ಮಗಳ ಜೊತೆ ಕೂತು ಬಹಳ ಹೊತ್ತು ನೋಡಿದೆ.

ನೆಲದ ಒಡೆತನ ಕೈ ಬದಲಾಯಿಸುತ್ತಲೇ ಬಂದಿದೆ. 1952ರಲ್ಲಿ ಸರ್ಕಾರದ ಕೃಷಿ ಇಲಾಖೆ ಕೊಂಡಿತು, 1981ರಲ್ಲಿ ರಾಜಮನೆತನದ ಹೆಸರಿನ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು, 2020ರಲ್ಲಿ ಇಲ್ಲೇ ಹತ್ತಿರದ ಖಾಸಗಿ ಜಮೀನ್ದಾರಿಯಾದ ಥೋರ್ಸ್‌ಬಿ ಎಸ್ಟೇಟಿಗೆ ಬಂತು. ಉಳುವವರು ಗೇಣಿದಾರರು. ಆದರೆ ಹೊಲದ ಕಟ್ಟುಪಾಡು ನೋಡಿಕೊಳ್ಳುವುದು ಮಾತ್ರ ಊರಿನದೇ ಒಂದು ನ್ಯಾಯಕೂಟ. ಕೋರ್ಟ್ ಲೀಟ್ ಅಂತ. ಹನ್ನೆರಡು ಜನರ ಜ್ಯೂರಿ, ಎಲ್ಲ ಊರಿನವರೇ.

ಈ ಸಲ ನವೆಂಬರ್ ಕೊನೆಯಲ್ಲಿ ಜ್ಯೂರಿ ಹೊಲ ನೋಡಲು ಹೊರಡುವ ದಿನ ನಾನು ರಜೆ ಹಾಕಿ ಹಿಂದೆಯೇ ಹೋದೆ. ಪಕ್ಕದ ಮನೆಯ ಅಜ್ಜ ಈ ವರ್ಷ ಜ್ಯೂರಿಯಲ್ಲಿದ್ದರು. ಟ್ರ್ಯಾಕ್ಟರ್ ಹಿಂದೆ ಟ್ರೈಲರ್, ಅದರ ತುಂಬ ಪಟ್ಟಿಗಳ ಗಡಿ ಗುರುತಿಸುವ ಮರದ ಗೂಟ, ಸುತ್ತಿಗೆ, ಜನ. ಹೊಸದಾಗಿ ಗೋಧಿ ಬಿತ್ತಿದ ಹೊಲವನ್ನೆಲ್ಲ ನೋಡುತ್ತಾ ಹೋಗುತ್ತಾರೆ. ಯಾರಾದರೂ ಪಕ್ಕದವರ ಪಟ್ಟಿಗೆ, ದಾರಿಗೆ, ಸೈಕಿಗೆ ನೇಗಿಲು ನುಗ್ಗಿಸಿದ್ದಾರಾ, ಚರಂಡಿ ಸರಿಯಾಗಿ ತೆಗೆದಿದ್ದಾರಾ, ಅಷ್ಟೇ ತನಿಖೆ. ಇಲ್ಲಿನ ಜೇಡಿ ಮಣ್ಣು ಬೂಟಿಗೆ ಮುದ್ದೆ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ, ಕಾಲು ಎತ್ತಿಡುವುದೇ ಒಂದು ಕೆಲಸ.

ಒಂದು ಕಡೆ ಎಲ್ಲರೂ ನಿಂತರು. ಅಲ್ಲಿದ್ದ ಗೂಟ ಕಾಣಿಸಲಿಲ್ಲ. ಒಬ್ಬರು ಆ ಕಡೆಯ ಗೂಟಕ್ಕೂ ಈ ಕಡೆಯ ಗೂಟಕ್ಕೂ ಒಂದು ಕಣ್ಣು ಮುಚ್ಚಿ ಗೆರೆ ಹಿಡಿದು ನೋಡಿದರು. ನಮ್ಮ ಅಜ್ಜ ಬೂಟಿನ ಹಿಮ್ಮಡಿಯಿಂದ ಮಣ್ಣು ಕೆದಕಿದರು. ಸ್ವಲ್ಪ ಕೆಳಗೆ ಹಳೇ ಗೂಟದ ಕೊಳೆತ ತುದಿ ಸಿಕ್ಕಿತು. ಕಪ್ಪಗೆ, ಹಿಡಿದರೆ ಪುಡಿಯಾಗುವ ಹಾಗಿತ್ತು. ಗೋಧಿಯ ಸಾಲು ಅದನ್ನು ದಾಟಿ ಒಂದು ಮೊಳ ಮುಂದೆ ಬಂದಿತ್ತು. ಯಾರೂ ದನಿ ಏರಿಸಲಿಲ್ಲ. ಸಾಲು ದಾಟಿಸಿದ್ದವನೂ ಅಲ್ಲೇ ಇದ್ದ, ಸುಮಾರು ನಮ್ಮ ವಯಸ್ಸಿನವನು. ಅವನೇ ಬಂದು ಹೊಸ ಗೂಟವನ್ನು ನೆಟ್ಟಗೆ ಹಿಡಿದುಕೊಂಡು ಮಂಡಿಯೂರಿದ. ಪಕ್ಕದ ಪಟ್ಟಿಯವನು ಮೇಲಿಂದ ಸುತ್ತಿಗೆಯಲ್ಲಿ ಹೊಡೆದ. ಹೊಡೆಯುವಾಗ ಇವನ ಕೈಗೆ ಬೀಳದ ಹಾಗೆ ಎಷ್ಟು ಜೋಪಾನ ಮಾಡಿದ ಗೊತ್ತಾ.

ಒಂದು ವಾರದ ಮೇಲೆ ಡವ್‌ಕೋಟ್ ಇನ್ ಅನ್ನುವ ಇದೇ ಪಬ್ಬಿನಲ್ಲಿ ಕೋರ್ಟ್ ಸೇರುತ್ತದೆ. ತಪ್ಪು ಮಾಡಿದವರ ಹೆಸರು ಓದುತ್ತಾರೆ, ಕೆಲವು ಪೌಂಡ್ ದಂಡ. ದಂಡದ ಹಣ ದೊಡ್ಡದಲ್ಲ. ಅಕ್ಕಪಕ್ಕದವರ ಮುಂದೆ ಹೆಸರು ಬರುತ್ತದಲ್ಲ, ಅದೇ ದೊಡ್ಡದು ಅಂತ ನನಗೆ ಅನ್ನಿಸಿತು.

ಕ್ಯಾಪ್ಟನ್, ಈ ಊರಿನ ವರದಿ ಬರೆದು ಇಲ್ಲಿಗೇ ನಿಲ್ಲಿಸಬೇಕು ಅಂತಲೇ ಶುರು ಮಾಡಿದ್ದು. ಆದರೆ ಆ ಗೂಟ ಹೊಡೆದದ್ದನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾವಿಬ್ಬರೂ ಇಷ್ಟು ವರ್ಷ ನಮ್ಮೆರಡು ಮನೆಯ ಹೊಲಗಳ ನಡುವಿನ ಆ ಬದುವಿನ ಬಗ್ಗೆ ಒಂದು ಮಾತೂ ಆಡಿಲ್ಲ. ನಿಮ್ಮಪ್ಪ ನಮ್ಮಪ್ಪ ಕೋರ್ಟಿಗೆ ಹೋದರು, ವಾಯಿದೆ ಮೇಲೆ ವಾಯಿದೆ ಬಿತ್ತು, ಯುಗಾದಿಗೆ ನಮ್ಮ ಮನೆಯಿಂದ ನಿಮ್ಮ ಮನೆಗೆ ಹೋಗುತ್ತಿದ್ದ ಒಬ್ಬಟ್ಟು ನಿಂತಿತು. ನಾವು ಮಾತ್ರ ಫೋನಿನಲ್ಲಿ ಮ್ಯಾಚು, ಮಳೆ, ಮಕ್ಕಳು ಅಂತ ಮಾತಾಡಿಕೊಂಡು ಇದ್ದೇವೆ. ಅಪ್ಪಂದಿರ ಜಗಳ ನಮ್ಮ ಸ್ನೇಹಕ್ಕೆ ತಾಗಿಲ್ಲ ಅಂತ ಎಲ್ಲರ ಮುಂದೆ ಹೇಳಿಕೊಳ್ಳುತ್ತೇವೆ. ತಾಗಿದೆ ಕಣೋ. ನಾನು ಊರಿಗೆ ಬರದೇ ಇರುವುದು ರಜೆ ಸಿಗದೆ ಅಂತ ಹೇಳಿದ್ದೆ. ರಜೆ ಸಿಗುತ್ತದೆ. ಬಸ್ಸು ಇಳಿದರೆ ಮೊದಲು ಸಿಗುವುದು ನಿಮ್ಮ ಮನೆ. ಜಗಲಿ ಮೇಲೆ ನಿಮ್ಮಪ್ಪ ಕೂತಿರುತ್ತಾರೆ. ಚಿಕ್ಕವನಿದ್ದಾಗ ಆ ಜಗಲಿಯಲ್ಲಿ ಅವರು ಸುಲಿದು ಕೊಟ್ಟ ಎಳನೀರು ಕುಡಿದವನು ನಾನು. ಈಗ ನಿಂತು ಮಾತಾಡಿಸಿದರೆ ಅಪ್ಪನಿಗೆ ನೋವು, ಮಾತಾಡಿಸದೆ ಹೋದರೆ ನನಗೇ ತಡೆಯಲಾಗದು. ಆ ನೂರು ಹೆಜ್ಜೆ ನಡೆಯಲು ನನಗೆ ಭಯ. ದೂರ ಇದ್ದರೆ ಯಾರ ಕಡೆಯೂ ನಿಲ್ಲಬೇಕಾಗಿಲ್ಲ.

ಇನ್ನೂ ಒಂದಿದೆ. ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬರೆದುಬಿಡುತ್ತೇನೆ.

ಆ ಹೊಲದ ಹತ್ತಿರ ಹೊಂಗೆ ಮರ ಇತ್ತಲ್ಲ. ಬೇಸಿಗೆಯಲ್ಲಿ ಅದರ ಕೆಳಗೆ ಬಿದ್ದ ಹೊಂಗೆ ಕಾಯನ್ನು ನಿಮ್ಮಜ್ಜಿ ಗುಡಿಸಿ ಚೀಲಕ್ಕೆ ತುಂಬುತ್ತಿದ್ದರು. ಎಣ್ಣೆ ಮಿಲ್ಲಿಗೆ ಬೀಜ ಹಾಕಿ ಬಂದ ದುಡ್ಡಿನಲ್ಲಿ ನಮ್ಮಿಬ್ಬರಿಗೂ ಸಂತೆಯಿಂದ ಖಾರಾ ಬೂಂದಿ ತರುತ್ತಿದ್ದರು. ನಮ್ಮಜ್ಜಿ ಒಂದು ದಿನವೂ ಆ ಕಾಯಿ ಆಯಲಿಲ್ಲ. ನಾನು ಒಂದು ಹಿಡಿ ಜೇಬಿಗೆ ಹಾಕಿಕೊಂಡು ಬಂದಾಗ, "ಅದು ಅವರ ಮರ, ವಾಪಸ್ ಹಾಕಿ ಬಾ" ಅಂತ ಕಳಿಸಿದ್ದರು. ಮರ ಬಿದ್ದುಹೋಯಿತು, ಬದುವನ್ನು ಟ್ರ್ಯಾಕ್ಟರ್ ನುಂಗಿತು, ಬಾಂದು ಕಲ್ಲು ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಆದರೆ ಈ ಮುಂಗಾರಿನಲ್ಲಿ ಅಪ್ಪ ರಾಗಿ ಬಿತ್ತಿದ ವಿಡಿಯೋ ಕಳಿಸಿದರು. ಅದರಲ್ಲಿ ಹೊಂಗೆ ಮರದ ಮೋಟು ಕಾಣುತ್ತದೆ. ನಮ್ಮ ಸಾಲುಗಳ ಒಳಗೆ ಇದೆ ಅದು. ನಾನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮರ ನಿಮ್ಮದಾದರೆ ಮರ ನಿಂತ ನೆಲವೂ ನಿಮ್ಮದೇ ಅಲ್ವಾ?

ಅಪ್ಪ ಬೇಕಂತ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಬದು ಇಲ್ಲದ ಕಡೆ ವರ್ಷಕ್ಕೊಂದು ಸಾಲು ಆ ಕಡೆಗೋ ಈ ಕಡೆಗೋ ಸರಿದುಹೋಗುತ್ತದೆ. ಇಲ್ಲೂ ಸರಿಯುತ್ತದೆ. ಅದಕ್ಕೇ ಇವರು ಪ್ರತಿ ವರ್ಷ ಹೋಗಿ ನೋಡುತ್ತಾರೆ, ಸರಿದದ್ದನ್ನು ಅವತ್ತೇ ಸರಿ ಮಾಡುತ್ತಾರೆ. ನಮ್ಮಲ್ಲಿ ನೋಡುವವರು ಯಾರೂ ಇರಲಿಲ್ಲ. ನೋಡಬೇಕಾದ ನಾವಿಬ್ಬರೂ ಊರು ಬಿಟ್ಟೆವು, ನೀನು ಬೆಂಗಳೂರಿಗೆ, ನಾನು ಇಲ್ಲಿಗೆ. ಎರಡು ಗುಂಟೆ ಇರಬಹುದೇನೋ ಅದು. ಅದಕ್ಕೆ ಇಬ್ಬರು ಮುದುಕರು ವಕೀಲರಿಗೆ ಸುರಿದ ದುಡ್ಡಿನಲ್ಲಿ ಇನ್ನೊಂದು ಹೊಲವನ್ನೇ ಕೊಳ್ಳಬಹುದಿತ್ತು.

ಇದನ್ನು ಅಪ್ಪ ಓದಲ್ಲ, ಆದರೆ ಯಾರಾದರೂ ಓದಿ ಹೇಳೇ ಹೇಳುತ್ತಾರೆ. ಹೇಳಲಿ. ಅದಕ್ಕೂ ಮೊದಲು ಈ ಭಾನುವಾರ ನಾನೇ ಫೋನ್ ಮಾಡಿ ಹೊಂಗೆ ಮರದ ಮಾತು ಎತ್ತುತ್ತೇನೆ. ಅಪ್ಪ ಬೈಯಬಹುದು, ಫೋನ್ ಇಡಬಹುದು. ಮತ್ತೆ ಮಾಡುತ್ತೇನೆ. ನೀನು ನಿಮ್ಮಪ್ಪನ ಹತ್ತಿರ ಮಾತಾಡು. ಹದ್ದುಬಸ್ತಿಗೆ ಎರಡೂ ಮನೆಯವರು ಸೇರಿ ಅರ್ಜಿ ಹಾಕೋಣ. ಸರ್ವೆಯರ್ ಚೈನು ಹಿಡಿದು ಬಂದ ದಿನ ನಾವಿಬ್ಬರೂ ಅಲ್ಲಿರಬೇಕು. ಕಲ್ಲು ಎಲ್ಲಿ ನೆಡಬೇಕು ಅನ್ನುತ್ತಾರೋ ಅಲ್ಲಿ ನೆಡೋಣ. ನಾನು ಹಿಡಿದುಕೊಳ್ಳುತ್ತೇನೆ, ನೀನು ಹೊಡಿ. ರಬ್ಬರ್ ಚೆಂಡಿನ ಸೇಡು ನನ್ನ ಕೈ ಮೇಲೆ ತೀರಿಸಿಕೊಳ್ಳಬೇಡ ಅಷ್ಟೇ!

ಸರಿ, ಸಾಕು ಇದು. ಬೇರೆ ಮಾತಾಡೋಣ. ಮಗಳು ಇಲ್ಲಿನ ಶಾಲೆಯಲ್ಲಿ ಕ್ರಿಸ್ಮಸ್ ನಾಟಕದಲ್ಲಿ ಕುರಿ ಆಗಿದ್ದಾಳೆ, ಮನೆಯಲ್ಲಿ ದಿನವಿಡೀ "ಮ್ಯಾ" ಅನ್ನುವುದೇ ಅಭ್ಯಾಸ. ಹೆಂಡತಿ ಹಿತ್ತಲಿನಲ್ಲಿ ಮೆಂತ್ಯ ಸೊಪ್ಪು ಬೆಳೆದಿದ್ದಳು, ಮಂಜು ಬಿದ್ದು ಹೋಯಿತು. ಮಾರ್ಚಿನಲ್ಲಿ ಮತ್ತೆ ಹಾಕುತ್ತಾಳಂತೆ. ಪಬ್ಬಿನಲ್ಲಿ ಪಕ್ಕದ ಮನೆ ಅಜ್ಜನಿಗೆ ನಿನ್ನ ಆ ಕೊನೇ ಓವರಿನ ಕಥೆ ಹೇಳಿದೆ. ಪೂರ್ತಿ ನಂಬಿಲ್ಲ ಅವರು. ನೀನೇ ಬಂದು ಹೇಳಬೇಕಂತೆ.

ನಾನು ಏಪ್ರಿಲ್‌ಗೆ ಟಿಕೆಟ್ ನೋಡುತ್ತಿದ್ದೇನೆ. ಯುಗಾದಿ ಮುಗಿದಿರುತ್ತದೆ, ಆದರೂ ಅಮ್ಮನಿಗೆ ಹೇಳಿ ಒಬ್ಬಟ್ಟು ಮಾಡಿಸುತ್ತೇನೆ. ಡಬ್ಬಿ ನಾನೇ ತರುತ್ತೇನೆ ನಿಮ್ಮ ಜಗಲಿಗೆ. ನೀನು ಬೆಂಗಳೂರಿನಿಂದ ಹಿಂದಿನ ದಿನವೇ ಬಂದಿರು. ತಾರೀಖು ಗಟ್ಟಿ ಮಾಡಿ ಹೇಳು, ಟಿಕೆಟ್ ದರ ದಿನಾ ಏರುತ್ತಿದೆ.

ನಿನ್ನ
ಓಪನರ್